ಮೊದಲ ರೀಲಿನಲ್ಲಿ ಸಾಯುವವರು

ನಮ್ಮಪ್ಪನಿಗೆ ಸಿನಿಮಾದಲ್ಲಿ ಸಾಯುವುದೇ ಕೆಲಸವಾಗಿತ್ತು. ನಾಯಕನ ತಂದೆಯಾಗಿಯೋ, ನಾಯಕಿಯ ತಾತನಾಗಿಯೋ, ಊರಿಗೆ ಬೇಕಾದ ಮೇಷ್ಟರಾಗಿಯೋ ಬರುತ್ತಿದ್ದರು. ಕಥೆ ಮುಂದಕ್ಕೆ ಹೋಗಲು ಬೇಕಾದ ನಾಲ್ಕು ಮಾತು ಹೇಳಿ, ಮಗನ ಕೈಯಲ್ಲಿ ಮಗಳ ಕೈಯಿಟ್ಟು, ಮೊದಲ ರೀಲು ಮುಗಿಯುವುದರೊಳಗೆ ಕಣ್ಣು ಮುಚ್ಚುತ್ತಿದ್ದರು. ಉಳಿದ ಸಿನಿಮಾದಲ್ಲಿ ಅವರು ಗೋಡೆಯ ಮೇಲೆ ಹಾರ ಹಾಕಿಸಿಕೊಂಡ ಫೋಟೊ. ಶೂಟಿಂಗ್ ಮುಗಿದ ಮೇಲೆ ಆ ಫೋಟೊಗಳನ್ನು ಕೆಲವರು ಅಪ್ಪನಿಗೇ ಕೊಟ್ಟುಬಿಡುತ್ತಿದ್ದರು. ಅವರು ಅದನ್ನು ಟವೆಲಿನಲ್ಲಿ ಸುತ್ತಿಕೊಂಡು ಮನೆಗೆ ತಂದರೆ ಅಮ್ಮ ಹೊಸಲು ದಾಟಿಸುತ್ತಿರಲಿಲ್ಲ.

"ಬದುಕಿರೋ ಮನುಷ್ಯನ ಹಾರದ ಫೋಟೊ ನನ್ನ ಮನೇಲಿ ಬೇಡ. ಎಲ್ಲಿಂದ ತಂದ್ರೋ ಅಲ್ಲೇ ಕೊಟ್ಬನ್ನಿ."

ಕೊನೆಗೆ ಅವು ಹಿತ್ತಿಲಿನ ಸೌದೆ ಇಡುವ ಜಾಗ ಸೇರುತ್ತಿದ್ದವು. ಅಪ್ಪನ ಒಂದೇ ಒಂದು ಸಿನಿಮಾವನ್ನೂ ಅಮ್ಮ ನೋಡಲಿಲ್ಲ. ಹೊಸ ಸಿನಿಮಾ ಕೋಲಾರಕ್ಕೆ ಬಂದ ದಿನ ತಲೆಗೆ ನೀರು ಹಾಕಿಕೊಂಡು, ದಿನದ ಬೊಟ್ಟಿಗಿಂತ ದೊಡ್ಡದಾಗಿ ಕುಂಕುಮ ಇಟ್ಟುಕೊಂಡು, ದೇವರ ಮುಂದೆ ಕೂತುಬಿಡುತ್ತಿದ್ದಳು. ನಾನೂ ನನ್ನ ತಮ್ಮನೂ ಅಪ್ಪ ಸಾಯುವುದನ್ನು ನೋಡಲು ಟಾಕೀಸಿಗೆ ಓಡುತ್ತಿದ್ದೆವು.

ಅಪ್ಪನ ಊರು ಶ್ರೀನಿವಾಸಪುರದ ಕಡೆ, ಯಲ್ದೂರಿನ ಪಕ್ಕದ ಒಂದು ಹಳ್ಳಿ. ರಾಗಿ, ಅವರೆ, ಒಂದಷ್ಟು ಮಾವಿನ ಮರ ಇದ್ದ ಕುಟುಂಬ. ಮನೆಯೊಳಗೆ ತೆಲುಗು, ಬೀದಿಗೆ ಬಂದರೆ ಕನ್ನಡ. ಹೊಲದ ಕೆಲಸವನ್ನೆಲ್ಲ ಅವರ ಅಣ್ಣ, ಅಂದರೆ ನಮ್ಮ ದೊಡ್ಡಪ್ಪ, ನೋಡಿಕೊಳ್ಳುತ್ತಿದ್ದರು. ಊರಿನ ಹುಡುಗರಿಗೆ ಪೌರಾಣಿಕ ನಾಟಕ ಕಲಿಸಲು ಮುಳಬಾಗಿಲಿನಿಂದ ಒಬ್ಬ ಹಾರ್ಮೋನಿಯಂ ಮೇಷ್ಟ್ರು ಬರುತ್ತಿದ್ದರಂತೆ. ಹುಡುಗರಿಗೆಲ್ಲ ಗದೆ ಹಿಡಿಯುವ ಪಾರ್ಟೇ ಬೇಕು. ಅಪ್ಪನ ಸರದಿ ಬಂದಾಗ ಮೇಷ್ಟ್ರು ಒಂದು ಪದ್ಯ ಹಾಡಿಸಿ, ಹಾರ್ಮೋನಿಯಂ ತಿದಿ ಒತ್ತುವುದನ್ನು ನಿಲ್ಲಿಸಿ ಹೇಳಿದರಂತೆ: "ನಿನ್ನ ಗಂಟಲಲ್ಲಿ ಒಬ್ಬ ಮುದುಕ ಕೂತವ್ನೆ ಕಣಪ್ಪ. ನೀನು ಮುದುಕನ್ನೇ ಮಾಡು."

ಆಗ ಅಪ್ಪನಿಗೆ ಮೀಸೆ ಕೂಡ ಸರಿಯಾಗಿ ಬಂದಿರಲಿಲ್ಲ.

ಆಮೇಲೆ ಕೋಲಾರದಲ್ಲಿ ಒಂದು ನಾಟಕ ಕಂಪನಿ ಕ್ಯಾಂಪ್ ಹಾಕಿದಾಗ ಹೋಗಿ ಸೇರಿಕೊಂಡರು. ಮೊದಲು ಸಿಕ್ಕಿದ್ದು ಹೆಣದ ಪಾತ್ರ. ಪರದೆ ಎದ್ದಾಗ ಚಾಪೆಯ ಮೇಲೆ ಮಲಗಿರಬೇಕು, ಸುತ್ತ ನಾಲ್ಕು ಜನ ಅಳಬೇಕು, ಅಷ್ಟೇ. ಕೆರೆಯ ಕಡೆಯಿಂದ ಬಂದ ಸೊಳ್ಳೆಗಳು ಮುಖದ ತುಂಬ ಕೂತರೂ ಅಪ್ಪ ರೆಪ್ಪೆ ಅಲುಗಿಸಲಿಲ್ಲವಂತೆ. ಮಾಲೀಕರು ಊಟಕ್ಕೆ ಕೂತಾಗ, "ಆ ಹುಡುಗ ಹೆಣ ಚೆನ್ನಾಗಿ ಮಾಡ್ತಾನೆ, ಸಾಯೋದನ್ನೂ ಅವನಿಗೇ ಕೊಡಿ" ಅಂದರು. ಹಾಗೆ ಬಡ್ತಿ ಸಿಕ್ಕಿತು. ಈ ಕಥೆಯನ್ನು ಅಪ್ಪ ಎಷ್ಟು ಸಲ ಹೇಳಿದರೂ 'ಬಡ್ತಿ' ಅನ್ನುವ ಕಡೆ ಒಂದು ಗಳಿಗೆ ನಿಲ್ಲಿಸುತ್ತಿದ್ದರು, ನಾವು ನಗಲಿ ಎಂದು.

ಕಂಪನಿಯ ಜೊತೆ ಮಾಲೂರು, ಮುಳಬಾಗಿಲು, ಗಡಿಯಾಚೆಯ ಊರುಗಳೆಲ್ಲ ಸುತ್ತಿದರು. ಅವರು ಸಾಯುವ ದೃಶ್ಯಕ್ಕೆ ಹೆಸರು ಬಂತು. ಆ ಹೆಸರು ಸಿನಿಮಾದವರ ಕಿವಿಗೆ ಬಿದ್ದು, ಅವರು ಅಪ್ಪನನ್ನು ಮದ್ರಾಸಿಗೆ ಕರೆಸಿಕೊಂಡರು. ಮೂವತ್ತು ದಾಟುವುದರೊಳಗೆ ತಮಗಿಂತ ದೊಡ್ಡವರಾದ ನಾಯಕರಿಗೆ ತಂದೆಯಾಗಿ ಸತ್ತರು. ದೊಡ್ಡ ಪಾತ್ರ ಯಾವತ್ತೂ ಬರಲಿಲ್ಲ. ಕಂಪನಿಗಳು ಮುಚ್ಚಿದವು, ಸಿನಿಮಾಗಳಲ್ಲಿ ತಂದೆಯರು ಸಾಯುವುದು ಕಡಿಮೆಯಾಯಿತು, ಅಪ್ಪ ಕೋಲಾರದ ಮನೆಯಲ್ಲಿ ಉಳಿದರು.

ಆದರೆ ಮನೆಯಲ್ಲಿ ಮಾತ್ರ ಅವರಿಗೆ ಬಿಡುವಿರಲಿಲ್ಲ. "ಅಪ್ಪಾ, ಒಂದ್ಸಲ ಸಾಯಪ್ಪಾ!" ಎಂದು ನಾವು ಗಂಟು ಬೀಳುತ್ತಿದ್ದೆವು. ಅಮ್ಮ ಅಡುಗೆಮನೆಯಿಂದ ಬೈಯುತ್ತಿದ್ದಂತೆಯೇ ಅವರು ಎದೆ ಹಿಡಿದು ಕುಸಿಯುವರು. ಉಸಿರು ಒಂದು, ಎರಡು, ಆಮೇಲೆ ತಡೆದು ತಡೆದು. ಬಲಗೈ ಬೆರಳುಗಳು ಹೊದಿಕೆಯ ಅಂಚನ್ನು ಹಿಡಿದು ಏನನ್ನೋ ಹೆಕ್ಕಿದ ಹಾಗೆ ಆಡುತ್ತಿದ್ದವು. ಆ ಬೆರಳಾಟ ಬಂದಾಗ ನಮಗೆ ನಗು ತಡೆಯುತ್ತಿರಲಿಲ್ಲ.

ಅಮ್ಮ ಕಷಾಯ ತಂದರೆ ಎದೆ ಹಿಡಿಯುವರು. ರೇಷನ್ ಅಂಗಡಿಗೆ ಹೋಗಿ ಎಂದರೆ ಗೋಡೆಗೆ ಒರಗುವರು. ನನ್ನ ಮದುವೆ ಕುರುಡುಮಲೆಯ ಗಣಪತಿ ಗುಡಿಯ ಹತ್ತಿರ ಆಯಿತು. ಬೆಳಗಿನ ತಿಂಡಿಗೆ ಮೊದಲ ಪಂಕ್ತಿಯಲ್ಲಿ ಕೂರಿಸಲಿಲ್ಲ ಎಂದು ಗಂಡಿನ ಕಡೆಯ ಹಿರಿಯರೊಬ್ಬರು ಮುನಿಸಿಕೊಂಡು, "ಗಂಡನ್ನ ಕರ್ಕೊಂಡು ಹೊರಡ್ತೀವಿ" ಅಂದರು. ಮಾತಿಗೆ ಮಾತು ಬೆಳೆಯಿತು. ನಾನು ಬಾಸಿಂಗ ಕಟ್ಟಿಕೊಂಡು ನಿಂತಿದ್ದೆ. ಅಷ್ಟರಲ್ಲಿ ಅಪ್ಪ ಚಪ್ಪರದ ಕಂಬ ಹಿಡಿದು ಹಾಗೇ ಕೆಳಗೆ ಕೂತರು. ಮುಖ ಬಿಳಿಚಿಕೊಂಡಿತ್ತು. ಜಗಳ ಆಡುತ್ತಿದ್ದ ಹಿರಿಯರೇ ಓಡಿಬಂದು ನೀರು ಕುಡಿಸಿ, "ಬಿಡಿ ಬೀಗರೇ, ಮನಸ್ಸಿಗೆ ಹಚ್ಕೋಬೇಡಿ, ಮುಹೂರ್ತ ಮೀರುತ್ತೆ" ಅಂದರು. ಅವರ ಭುಜದ ಮೇಲಿಂದ ಅಪ್ಪ ನನ್ನ ಕಡೆ ನೋಡಿ ಎಡಗಣ್ಣು ಮಿಟುಕಿಸಿದರು. ಅವರ ಆ ಸುಳ್ಳಿನಿಂದಲೇ ನನ್ನ ಮದುವೆ ಆಯಿತು.

ಅಮ್ಮ ಹೋದ ಮೇಲೆ ಅಪ್ಪ ಕೋಲಾರದಲ್ಲೇ ನಮ್ಮ ಜೊತೆ ಇದ್ದರು. ನಾನು ಶಾಲೆಯಲ್ಲಿ ಪಾಠ ಹೇಳುತ್ತೇನೆ. ನಮ್ಮನೆಯವರು ನರಸಾಪುರದ ಫ್ಯಾಕ್ಟರಿಯಲ್ಲಿ ಶಿಫ್ಟ್ ಕೆಲಸದಲ್ಲಿದ್ದಾರೆ. ತಮ್ಮ ಶ್ರೀನಿವಾಸಪುರದಲ್ಲಿ ಮಾವಿನ ಮಂಡಿ ಇಟ್ಟುಕೊಂಡಿದ್ದಾನೆ. ಎಂಬತ್ತು ದಾಟಿದ ಮೇಲೂ ಅಪ್ಪ ಆಟ ಬಿಟ್ಟಿರಲಿಲ್ಲ. ರಕ್ತ ಪರೀಕ್ಷೆಗೆ ಹೋಗೋಣ ಎಂದರೆ ಎದೆ ಹಿಡಿದುಕೊಂಡು, "ನಾನು ಹೊರಟೆ ಕಣೇ, ಇನ್ಯಾಕೆ ಸೂಜಿ?" ಅನ್ನುವರು. ನಾನು ಗದರುವೆ. ಅವರು ನಗುವರು.

ಅದು ಎರಡು ಮೂರು ವರ್ಷದ ಹಿಂದಿನ ಮಾತು. ಮಾಲೂರಿನಲ್ಲಿ ನನ್ನ ಜೊತೆ ಕೆಲಸ ಮಾಡುವ ಟೀಚರ್ ಒಬ್ಬರ ಗೃಹಪ್ರವೇಶವಿತ್ತು. ಅಪ್ಪನಿಗೆ ಜನರ ನಡುವೆ ಕೂರುವುದೆಂದರೆ ಇಷ್ಟ, ಅವರನ್ನೂ ಹೊರಡಿಸಿದ್ದೆ. ನಮ್ಮನೆಯವರು ಬೆಳಗಿನ ಶಿಫ್ಟಿಗೆ ಹೋಗಿಯಾಗಿತ್ತು. ಮನೆಯಲ್ಲಿ ಇದ್ದವರು ನಾವಿಬ್ಬರೇ. ನಾನು ಕನ್ನಡಿಯ ಮುಂದೆ ಸೀರೆಯ ನೆರಿಗೆ ಹಿಡಿಯುತ್ತಿದ್ದೆ. ಅಪ್ಪ ಮಂಚದ ಮೇಲೆ ಕೂತು ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದವರು ನಿಲ್ಲಿಸಿ ಹೇಳಿದರು:

"ಎದೆ ಯಾಕೋ ಹಿಡ್ಕೊಂಡಂಗಿದೆ ಕಣೇ."

ನಾನು ತಿರುಗಿ ನೋಡಲಿಲ್ಲ. ಕನ್ನಡಿಯಲ್ಲೂ ಅವರನ್ನು ನೋಡಲಿಲ್ಲ. ಬಾಯಲ್ಲಿ ಪಿನ್ನು ಕಚ್ಚಿಕೊಂಡೇ ಅಂದೆ:

"ಮೊದಲ್ನೇ ರೀಲಾ ಅಪ್ಪಾ? ಬೇಗ ಸತ್ತು ಮುಗ್ಸು, ಬಸ್ಸು ಹೋಗುತ್ತೆ."

ಅಪ್ಪ ನಕ್ಕರು. ಇವತ್ತಿಗೂ ನನಗೆ ತಡೆಯಲಾಗದಿರುವುದು ಆ ನಗು. ಮಗಳು ಹಾಸ್ಯ ಮಾಡಿದಳು, ಅದಕ್ಕೆ ಸಲ್ಲಬೇಕಾದ ನಗು ಸಲ್ಲಿಸಿದರು. ಆಮೇಲೆ ಉಳಿದ ಗುಂಡಿ ಹಾಕಿಕೊಂಡು ಎದ್ದರು.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಮುಂದಿನ ಸೀಟಿನ ಕಂಬಿಯನ್ನು ಎರಡು ಕೈಯಲ್ಲೂ ಹಿಡಿದಿದ್ದರು. ನರಸಾಪುರದ ಹತ್ತಿರ ಕಂಪನಿ ಬಸ್ಸುಗಳು ಅಡ್ಡ ನಿಂತು ನಮ್ಮ ಬಸ್ಸು ಬಹಳ ಹೊತ್ತು ಕದಲಲಿಲ್ಲ. ಸಾಮಾನ್ಯವಾಗಿ ಅಂಥ ಹೊತ್ತಿನಲ್ಲಿ ಅವರು ಪಕ್ಕದ ಸೀಟಿನವರನ್ನು ಮಾತಿಗೆಳೆಯುತ್ತಿದ್ದರು. ಅವತ್ತು ಸುಮ್ಮನಿದ್ದರು. ನಾನು ಫೋನಿನಲ್ಲಿ ಮಾತಾಡುತ್ತಿದ್ದೆ.

ಮಾಲೂರಿನಲ್ಲಿ ಒಬ್ಬ ಹೆಂಗಸು ಅವರನ್ನು ಗುರುತು ಹಿಡಿದು, "ನೀವು ಸತ್ತಾಗ ನಮ್ಮಮ್ಮ ಎರಡು ದಿನ ಊಟ ಬಿಟ್ಟಿದ್ರು ಸಾರ್" ಅಂದಳು. ಅಪ್ಪ ಕೈಮುಗಿದರು. ಹಣೆಯಲ್ಲಿ ಬೆವರಿತ್ತು. ಹೋಮದ ಹೊಗೆಗೆ ಇರಬೇಕು ಅಂದುಕೊಂಡೆ. ಎಲೆಯ ಮುಂದೆ ಕೂತು ಪಾಯಸ ಮಾತ್ರ ಮುಟ್ಟಿದರು. "ಯಾಕಪ್ಪಾ?" ಎಂದು ಕೇಳಿದ್ದಕ್ಕೆ, "ಹೊಟ್ಟೆ ತುಂಬಿದೆ" ಅಂದರು. ಬೆಳಗಿನಿಂದ ಅವರು ಏನನ್ನೂ ತಿಂದಿರಲಿಲ್ಲ. ಅದು ನನಗೆ ಗೊತ್ತಿತ್ತು. ಆದರೂ ಬಡಿಸುವವರ ಗಲಾಟೆಯಲ್ಲಿ ಆ ಮಾತು ಅಲ್ಲಿಗೇ ಬಿಟ್ಟೆ.

ಮನೆಗೆ ವಾಪಸು ಬಂದು ಬೀಗ ತೆಗೆಯುವಾಗ ಅಪ್ಪ ಜಗಲಿಯ ಮೇಲೆ ಕೂತರು. ಚಪ್ಪಲಿ ಬಿಡಲಿಲ್ಲ. ತಿರುಗಿ ನೋಡಿದರೆ ಮುಖ ಬೂದಿಯ ಹಾಗಾಗಿತ್ತು. ಬಗ್ಗಿ ವಾಂತಿ ಮಾಡಿಕೊಂಡರು. ಆಗ ಓಡಿದೆ, ಆಟೋ ತಂದೆ, ಪಕ್ಕದ ಮನೆಯವರ ಸಹಾಯದಿಂದ ಆಸ್ಪತ್ರೆಗೆ ಹೋದೆ.

ಪರೀಕ್ಷೆಗಳಾದ ಮೇಲೆ ಡಾಕ್ಟರು, ಚಿಕ್ಕ ವಯಸ್ಸಿನವರು, ಅಪ್ಪನ ಮಂಚದ ಪಕ್ಕ ಬಂದು ನಿಂತರು.

"ಇದು ಬೆಳಿಗ್ಗೇನೇ ಶುರುವಾಗಿದೆ ತಾತ. ಆಗ್ಲೇ ಬಂದಿದ್ರೆ ಇಷ್ಟು ಡ್ಯಾಮೇಜ್ ಆಗ್ತಿರ್ಲಿಲ್ಲ. ನೋವು ಬಂದಾಗ ಮನೇಲಿ ಯಾರಿಗೂ ಹೇಳ್ಲಿಲ್ವಾ?"

ಅಪ್ಪ ನನ್ನ ಕಡೆ ನೋಡಲಿಲ್ಲ.

"ಇಲ್ಲ ಡಾಕ್ಟ್ರೇ. ಯಾರಿಗೂ ಹೇಳ್ಲಿಲ್ಲ. ಮಗಳಿಗೆ ಹೇಳಿದ್ರೆ ಗಾಬರಿ ಆಗ್ತಾಳೆ, ಫಂಕ್ಷನ್ ತಪ್ಪುತ್ತೆ ಅಂತ ಸುಮ್ಕಿದ್ಬಿಟ್ಟೆ. ತಪ್ಪು ನಂದೇ."

ಎಷ್ಟು ಸಹಜವಾಗಿ ಹೇಳಿದರೆಂದರೆ ಕ್ಷಣಕಾಲ ನಾನೇ ಅದನ್ನು ನಂಬಿದೆ. ಡಾಕ್ಟರು ನನ್ನ ಕಡೆ ತಿರುಗಿ, "ವಯಸ್ಸಾದವರು ಹೀಗೇನೇ ಮೇಡಂ, ನೀವು ಬೇಜಾರು ಮಾಡ್ಕೋಬೇಡಿ" ಅಂದರು. ನಾನು ತಲೆಯಾಡಿಸಿದೆ.

ಸಂಜೆ ತಮ್ಮ ಶ್ರೀನಿವಾಸಪುರದಿಂದ ಬಂದ. ಬಾಗಿಲಲ್ಲೇ ಡಾಕ್ಟರನ್ನು ಕಂಡು ಬಂದಿದ್ದ. ಬಂದವನೇ ಅಪ್ಪನ ಮೇಲೆ ಹಾರಾಡಿದ. ಭಯಕ್ಕೆ ಅವನಿಗೆ ಕೋಪ ಬರುತ್ತದೆ.

"ಏನಪ್ಪಾ ನೀನು, ಬುದ್ಧಿ ಬೇಡ್ವಾ? ದಿನಾ ಸುಮ್ಸುಮ್ನೆ ಎದೆ ಹಿಡ್ಕೊಂಡು ಮನೆಯವರನ್ನೆಲ್ಲ ಕುಣಿಸ್ತೀಯ. ನಿಜವಾಗ್ಲೂ ನೋವು ಬಂದಾಗ ಬಾಯಿ ಬಿಡೋಕಾಗ್ಲಿಲ್ವಾ? ಅಕ್ಕ ಪಕ್ಕದಲ್ಲೇ ಇದ್ಲಲ್ಲ!"

ಅಪ್ಪ, "ಆಯ್ತು ಬಿಡೋ ನಾಯನಾ" ಅಂದರು. ನಾನು ಮಂಚದ ಇನ್ನೊಂದು ಪಕ್ಕದಲ್ಲಿ ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತ ನಿಂತಿದ್ದೆ. ಆಗ ಹೇಳಬಹುದಿತ್ತು. ಅವನು ಉಸಿರು ತೆಗೆದುಕೊಳ್ಳಲು ನಿಂತಾಗ ಹೇಳಬಹುದಿತ್ತು, ಕ್ಯಾಂಟೀನಿಗೆ ಹೋದಾಗ ಹಿಂದೆಯೇ ಹೋಗಿ ಹೇಳಬಹುದಿತ್ತು. ಹೇಳಲಿಲ್ಲ. ಕನ್ನಡಿಯ ಮುಂದೆ ಆಡಿದ ಮಾತು ತಿಳಿಯದೆ ಬಂದದ್ದು ಎಂದು ನನಗೆ ನಾನೇ ಸಮಾಧಾನ ಹೇಳಿಕೊಳ್ಳಬಲ್ಲೆ. ಆಸ್ಪತ್ರೆಯಲ್ಲಿ ಸುಮ್ಮನಿದ್ದದ್ದು ಹಾಗಲ್ಲ, ಎಲ್ಲ ತಿಳಿದೇ ಸುಮ್ಮನಿದ್ದೆ.

ಅಪ್ಪ ಉಳಿದರು. ಮನೆಗೆ ಬಂದರು. ಮೆಟ್ಟಿಲು ಹತ್ತಬಾರದು, ಉಪ್ಪು ಕಡಿಮೆ, ಮಾತ್ರೆಗಳು. ಅದೆಲ್ಲ ಅಭ್ಯಾಸವಾಯಿತು. ಅಭ್ಯಾಸವಾಗದೆ ಉಳಿದದ್ದು ಅವರ ಗಾಂಭೀರ್ಯ. ಆಟ ಪೂರ್ತಿ ನಿಂತುಹೋಯಿತು. ಸೂಜಿ ಚುಚ್ಚಲು ಬಂದರೆ ಮರುಮಾತಿಲ್ಲದೆ ತೋಳು ನೀಡುತ್ತಿದ್ದರು. ಮಾತ್ರೆ ಕೊಟ್ಟರೆ ನುಂಗುತ್ತಿದ್ದರು. ಕೆಮ್ಮು ಬಂದರೆ ಥಟ್ಟನೆ ನನ್ನ ಕಡೆ ನೋಡಿ, ಮೆಲ್ಲಗೆ, "ನಿಜವಾದ ಕೆಮ್ಮು ಕಣೇ" ಅನ್ನುತ್ತಿದ್ದರು. ನನ್ನನ್ನು ಚುಚ್ಚಬೇಕೆಂದು ಹೇಳುತ್ತಿರಲಿಲ್ಲ. ನನಗೆ ಅನುಮಾನ ಬಾರದಿರಲಿ ಎಂದು ಹೇಳುತ್ತಿದ್ದರು. ನಾನು ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ನಿಲ್ಲುತ್ತಿದ್ದೆ.

ಅವರನ್ನು ನಗಿಸಲು ಪ್ರಯತ್ನಪಟ್ಟೆ. ಒಂದು ದಿನ, "ಅಪ್ಪಾ, ಒಂದ್ಸಲ ಹಳೇ ತರ ಮಾಡಿ ತೋರ್ಸಪ್ಪಾ" ಅಂದೆ. ಅವರು ಸುಮ್ಮನೆ ಕೈಯಾಡಿಸಿ, "ಮರ್ತೋಗಿದೆ" ಅಂದರು.

ಅವರೆಕಾಯಿ ಕಾಲ ಬಂತು. ಒಂದು ಭಾನುವಾರ ಬೆಳಿಗ್ಗೆ ಜಗಲಿಯ ಬಿಸಿಲಿನಲ್ಲಿ ಇಬ್ಬರೂ ಮೊರ ಇಟ್ಟುಕೊಂಡು ಕಾಯಿ ಸುಲಿಯುತ್ತಿದ್ದೆವು. ಕೈಗೆ ಸೊಗಡು ಅಂಟಿತ್ತು. ಇನ್ನು ತಡೆಯಲಾರದೆ ಬಾಯಿಬಿಟ್ಟೆ.

"ಅಪ್ಪಾ, ಅವತ್ತು ಬೆಳಿಗ್ಗೆ ನೀನು ಹೇಳ್ದೆ. ನಾನು ಆಡಿದ ಮಾತು..."

"ಅದ್ಯಾಕೀಗ?"

"ಡಾಕ್ಟ್ರ ಹತ್ರ ಯಾಕೆ ಸುಳ್ಳು ಹೇಳ್ದೆ? ತಮ್ಮ ಅಷ್ಟು ಬೈದ್ರೂ ಯಾಕೆ ಸುಮ್ನಿದ್ದೆ?"

ಅಪ್ಪ ಇನ್ನೊಂದು ಕಾಯಿ ಸುಲಿದು ಕಾಳನ್ನು ಮೊರಕ್ಕೆ ಹಾಕಿದರು. ಆಮೇಲೆ, "ನಿಮ್ಮ ದೊಡ್ಡಪ್ಪ ನಮ್ಮನೆಗೆ ಯಾಕೆ ಬರ್ತಿರ್ಲಿಲ್ಲ, ಗೊತ್ತಾ?" ಎಂದು ಕೇಳಿದರು.

ದೊಡ್ಡಪ್ಪ ನಮ್ಮ ಮನೆಯ ಹೊಸಲು ತುಳಿದವರಲ್ಲ, ನನ್ನ ಮದುವೆಗೂ ಬರಲಿಲ್ಲ. ಜಮೀನಿನ ತಕರಾರು ಎಂದು ಅಮ್ಮ ಹೇಳುತ್ತಿದ್ದಳು. ನಾವು ಅದನ್ನೇ ನಂಬಿದ್ದೆವು.

"ಜಮೀನೂ ಇಲ್ಲ, ಏನೂ ಇಲ್ಲ" ಅಂದರು ಅಪ್ಪ. "ನಮ್ಮಪ್ಪನಿಗೆ ಉಬ್ಬಸ. ಹೋಗೋ ಕಾಲಕ್ಕೆ ಕಂಪನಿಯಿಂದ ರಜ ಹಾಕಿ ಬಂದಿದ್ದೆ. ಒಂದು ಇಡೀ ಹಗಲು ಎಳ್ಕೊಂಡ್ರು. ಅಣ್ಣ ಕಾಲ ಹತ್ರ ಕೂತು ಅಳ್ತಿದ್ದ. ನಾನು ತಲೆ ಹತ್ರ. ನಾನು ಅಳ್ಲಿಲ್ಲ ಕಣೇ. ನೋಡ್ತಿದ್ದೆ. ಒಂದು ಉಸಿರಿಗೂ ಇನ್ನೊಂದಕ್ಕೂ ಎಷ್ಟು ಹೊತ್ತು ಅಂತ ನೋಡ್ತಿದ್ದೆ. ತುಟಿ ಯಾವ ಕಡೆ ಎಳೆಯುತ್ತೆ ಅಂತ ನೋಡ್ತಿದ್ದೆ. ಕಂಬಳಿ ಅಂಚಲ್ಲಿ ಅವರ ಬೆರಳು ಆಡ್ತಿತ್ತು, ರಾಗೀಲಿ ಕಲ್ಲು ಹೆಕ್ಕೋ ಹಾಗೆ. ನನ್ನೊಳಗಿಂದ ಒಬ್ಬ ಹೇಳ್ತಿದ್ದ, ಇದನ್ನ ಮರೀಬೇಡ ಅಂತ."

ನಾನು ಸುಲಿಯುವುದನ್ನು ನಿಲ್ಲಿಸಿದ್ದೆ. ನಾನೂ ತಮ್ಮನೂ ಬಿದ್ದು ಬಿದ್ದು ನಗುತ್ತಿದ್ದ ಬೆರಳಾಟ ನಮ್ಮ ತಾತನದು.

"ಆಮೇಲೆ ಮಾಲೂರು ಕ್ಯಾಂಪು. ಸಾಯೋ ಸೀನಲ್ಲಿ ಅದನ್ನೇ ಮಾಡ್ದೆ. ಉಸಿರು, ತುಟಿ, ಬೆರಳು, ಎಲ್ಲ. ಜನ ಗೊಳೋ ಅಂತ ಅತ್ರು. ಅವತ್ತಿಂದ್ಲೇ ನನಗೆ ಹೆಸರು ಬಂದಿದ್ದು. ಜನದ ಮಧ್ಯೆ ಅಣ್ಣ ಕೂತಿದ್ದ, ನನಗೆ ಗೊತ್ತಿರ್ಲಿಲ್ಲ. ತಮ್ಮನ ನಾಟಕ ನೋಡೋಣ ಅಂತ ಬಂದಿದ್ನಂತೆ. ಪರದೆ ಹಿಂದಕ್ಕೆ ಬಂದ. ಬಣ್ಣದ ಮುಖದಲ್ಲೇ ಕಾಲಿಗೆ ಬೀಳೋಕೆ ಹೋದೆ. 'ಅಪ್ಪನ್ನ ಮಾರ್ಕೊಂಡು ತಿಂತಿದೀಯೇನ್ಲಾ?' ಅಂದ. ಅಷ್ಟೇ. ಮತ್ತೆ ಮಾತಾಡ್ಲಿಲ್ಲ."

"ಆಮೇಲಾದ್ರೂ ನೀನು ಹೋಗಿ ಕ್ಷಮೆ ಕೇಳ್ಕೋಬೋದಿತ್ತಲ್ಲಪ್ಪ."

"ಏನಂತ ಕೇಳ್ಲಿ? ಅದನ್ನ ಮಾಡೋದು ಬಿಟ್ಟಿದ್ರೆ ತಾನೇ ಕೇಳೋದು? ಮುಂದೆ ಒಂದೊಂದು ಸಿನಿಮಾದಲ್ಲೂ ಅದನ್ನೇ ಮಾಡ್ದೆ. ನಿಮ್ಮನ್ನ ಸಾಕಿದ್ದು ಅದ್ರಲ್ಲೇ. ಅಣ್ಣ ತೀರ್ಕೊಂಡಾಗ ನಾನು ಯಲ್ದೂರಿಗೆ ಹೋಗಿದ್ದೆನಲ್ಲ, ಹೆಣದ ಹತ್ರ ಹೋಗ್ಲಿಲ್ಲ. ದೂರ ಹುಣಸೆ ಮರದ ಕೆಳಗೆ ನಿಂತಿದ್ದು ಬಂದ್ಬಿಟ್ಟೆ. ಮುಖ ನೋಡಿದ್ರೆ ಅದನ್ನೂ ಕಲ್ತುಬಿಡ್ತೀನೇನೋ ಅಂತ ಭಯ."

ಮೊರದ ಕಾಳುಗಳನ್ನು ಒಂದು ಕಡೆಗೆ ಸರಿಸಿದರು. "ನೀನು ಅವಸರದಲ್ಲಿ ಒಂದು ಮಾತಂದೆ. ನಾನು ಜೀವಮಾನವೆಲ್ಲ ಮಾಡ್ದೆ. ಇನ್ನು ಆ ಮಾತು ಎತ್ತಬೇಡ. ತಮ್ಮನಿಗೂ ಹೇಳ್ಬೇಡ, ಅವನು ತಡ್ಕೊಳ್ಳಲ್ಲ."

ನನ್ನನ್ನು ಹಗುರ ಮಾಡಲು ಅವರು ತಮ್ಮ ಕಥೆ ಹೇಳಿದರು ಎಂದು ಗೊತ್ತು. ನಾನು ಹಗುರವಾಗಲಿಲ್ಲ. ಅವರು ಅಷ್ಟು ವರ್ಷ ಇಂಥದ್ದನ್ನು ಹೊತ್ತುಕೊಂಡೇ ನಮ್ಮನ್ನು ನಗಿಸುತ್ತಿದ್ದರಲ್ಲ, ಸಾಯಪ್ಪಾ ಸಾಯಪ್ಪಾ ಎಂದು ಪೀಡಿಸುತ್ತಿದ್ದವಳು ನಾನೇ ಅಲ್ಲವೇ ಎಂದು ಇನ್ನೊಂದು ಭಾರ ಸೇರಿಕೊಂಡಿತು.

ಮುಂದಿನ ಬೇಸಿಗೆಯಲ್ಲಿ ಅಪ್ಪ ಹೋದರು. ಮಧ್ಯಾಹ್ನ ಮಜ್ಜಿಗೆ ಕಲಸಿದ ರಾಗಿ ಅಂಬಲಿ ಕುಡಿದು ಗೋಡೆಯ ಕಡೆ ತಿರುಗಿ ಮಲಗಿದರು. ನಾನು ಅಲ್ಲೇ ಕೂತು ಮಕ್ಕಳ ಪರೀಕ್ಷೆಯ ಉತ್ತರ ಪತ್ರಿಕೆ ತಿದ್ದುತ್ತಿದ್ದೆ. ಒಂದು ಶಬ್ದವಿಲ್ಲ, ಒಂದು ಚಲನೆಯಿಲ್ಲ. ಕಾಫಿಗೆ ಎಬ್ಬಿಸಲು ಭುಜ ಮುಟ್ಟಿದಾಗಲೇ ಗೊತ್ತಾದದ್ದು.

ಹನ್ನೊಂದನೆಯ ದಿನದ ಕಾರ್ಯ ಯಲ್ದೂರಿನ ಹತ್ತಿರದ ಊರಲ್ಲೇ ಮಾಡಿದೆವು. ಊಟವಾದ ಮೇಲೆ ನೆಂಟರ ನಡುವೆ ತಮ್ಮ ಹೇಳುತ್ತಿದ್ದ: "ಅವತ್ತು ಒಂದು ಮಾತು ಬಾಯಿಬಿಟ್ಟು ಹೇಳಿದ್ರೆ ಅಪ್ಪ ಇನ್ನೂ ನಾಲ್ಕು ವರ್ಷ ಇರ್ತಿದ್ರು. ಯಾರಿಗೂ ಹೇಳ್ದೆ ಅವರೇ ಕೆಡಿಸ್ಕೊಂಡ್ರು." ನೆಂಟರೆಲ್ಲ ಹೌದೆಂದು ತಲೆದೂಗಿದರು.

ಸತ್ತ ಮೇಲೂ ನನ್ನ ತಪ್ಪು ಅವರ ಮೇಲೆ ಕೂತಿರುವುದನ್ನು ನೋಡಿ ಸುಮ್ಮನಿರಲು ನನ್ನಿಂದ ಆಗಲಿಲ್ಲ. ತಮ್ಮನಿಗೆ ಹೇಳಬೇಡ ಎಂದಿದ್ದ ಅಪ್ಪನ ಮಾತು ಮೀರಿದೆ. ತಮ್ಮನನ್ನು ಮಾವಿನ ಮರಗಳ ಕಡೆಗೆ ಕರೆದುಕೊಂಡು ಹೋಗಿ ಎಲ್ಲವನ್ನೂ ಹೇಳಿದೆ. ಕನ್ನಡಿ, ಪಿನ್ನು, ಬಸ್ಸು, ನಾನಾಡಿದ ಮಾತು, ಅವರ ನಗು.

ಅವನು ನೆಲ ನೋಡುತ್ತ ಕೇಳಿದ. ನಾನಾಡಿದ ಮಾತಿನ ಬಗ್ಗೆ ಅವನು ಒಂದಕ್ಷರ ಅನ್ನಲಿಲ್ಲ.

"ಆಸ್ಪತ್ರೇಲಿ ನಾನು ಅಪ್ಪನ್ನ ಅಷ್ಟೊಂದು ಬೈದೆನಲ್ಲಕ್ಕ. ನೀನು ಪಕ್ಕದಲ್ಲೇ ನಿಂತಿದ್ದೆ."

"ಹೂಂ."

"ಅಪ್ಪ ಬದುಕಿದ್ದಾಗ ಹೇಳಿದ್ರೆ ನಾನು ಹೋಗಿ ಅವರ ಕೈಯಾದ್ರೂ ಹಿಡ್ಕೋತಿದ್ದೆ."

ಅಷ್ಟು ಹೇಳಿ ಹೋದ. ಆಮೇಲೆ ಬಹಳ ತಿಂಗಳು ಫೋನ್ ಮಾಡಲಿಲ್ಲ. ನಾನು ಮಾಡಿದರೆ ಅವನ ಹೆಂಡತಿ ಎತ್ತಿಕೊಂಡು, "ಮಂಡೀಲಿದಾರೆ ಅತ್ತಿಗೆ" ಅನ್ನುತ್ತಿದ್ದಳು. ನಮ್ಮನೆಯವರು, "ಹೇಳದೆ ಇದ್ದಿದ್ರೇನೇ ಚೆನ್ನಾಗಿತ್ತು" ಅಂದರು. ಇರಬಹುದು. ಹೇಳಿದ್ದು ಅಪ್ಪನ ಮೇಲಿನ ಮಾತು ಹೋಗಲಿ ಎಂದೋ, ನನ್ನ ಸಂಕಟ ತಡೆಯದೆಯೋ, ನನಗೇ ಸರಿಯಾಗಿ ಗೊತ್ತಿಲ್ಲ.

ಈ ವರ್ಷ ಮಾವಿನ ಸುಗ್ಗಿ ಮುಗಿಯುವ ಹೊತ್ತಿಗೆ ಒಂದು ದಿನ ಅವನೇ ಬಂದ. ಕೋಲಾರದಲ್ಲಿ ಏನೋ ಕೆಲಸವಿತ್ತಂತೆ. ಬಿಸಿ ಮುದ್ದೆಗೆ ಸೊಪ್ಪಿನ ಸಾರು ಬಡಿಸಿದೆ. ಮಳೆ ಕೆಟ್ಟದ್ದು, ಲಾರಿಯವರ ಕಾಟ, ಮಗಳ ಪಿಯುಸಿ, ಇಷ್ಟನ್ನೇ ಮಾತಾಡಿದ. ಅಪ್ಪನ ಹೆಸರು ಇಬ್ಬರೂ ಎತ್ತಲಿಲ್ಲ. ಇನ್ನೊಂದು ಮುದ್ದೆ ಬೇಕಾ ಎಂದು ಕೇಳಿದಾಗ ತಟ್ಟೆ ಮುಂದೆ ಚಾಚಿದ. ಬಾಗಿಲ ಹತ್ತಿರ ಚಪ್ಪಲಿ ಮೆಟ್ಟಿಕೊಳ್ಳುತ್ತ, ನನ್ನ ಮುಖ ನೋಡದೆಯೇ, "ಬರ್ತೀನಕ್ಕ" ಅಂದ. ಮತ್ತೆ ಯಾವಾಗ ಎಂದು ಕೇಳಲು ನನಗೆ ಧೈರ್ಯ ಬರಲಿಲ್ಲ.